ಮನಿ ಮುಟ್ಟೇತಿ

ರಾಯಾಪುರದ ಶೆಡ್ಡಿನ್ಯಾಗ ಒಂದು ರೊಟ್ಟಿ ಮಷೀನು.
ನೀಲವ್ವ ಜ್ವಾಳದ ಹಿಟ್ಟಿನ ಉಂಡಿ ಇಡತಾಳ,
ತಟ್ಟಿ ಒಳಗ ಸರೀತೈತಿ, ಒತ್ತಿಸಿಕೊಂಡು
ಹೊಳ್ಳಿ ಮನಿಗೆ ಬರತೈತಿ.
ಮನಿ ಅನ್ನೋದು ನಾ ಇಟ್ಟ ಹೆಸರು.
ಎಡಗಡೆ ತುದಿಗೆ ಒಂದು ಸಣ್ಣ ಸ್ವಿಚ್ಚು,
ತಟ್ಟಿ ಬಂದು ಮೂಗು ತಾಗಿಸಿದರ
ಎಲ್ಲೋ ಒಳಗ ಒಂದು ಸೊನ್ನಿ ಒಂದಾಗತೈತಿ.
ಅದಕ್ಕ ಫ್ಲ್ಯಾಗ್ ಅಂತೀವಿ.

'ಬೆಂಗೇರ್ಯಾಗ ಹೊಲೀತಾರಲ್ಲ, ಹಂಥಾದ್ದ?'
'ಅಲ್ಲ ಕಾಕೂ, ಇದಕ್ಕ ಅರಿವಿ ಇಲ್ಲ, ಗಾಳಿ ಬೇಕಾಗಿಲ್ಲ.
ಏರಿದ್ರ ಏರೇತಿ, ಇಳಿದ್ರ ಇಳದೈತಿ.'
'ಮತ್ತ ಯಾರು ನೋಡ್ತಾರ ಅದನ್ನ?'
ಮೋಟಾರಿನ ಬೋರ್ಡು ಏರಸತೈತಿ,
ದೀಪದ ಬೋರ್ಡು ನೋಡತೈತಿ.
ಹಸರ ದೀಪ ಹತ್ತಿದರ ನೀ ಕೈ ಹಾಕು.

ಎರಡೂ ಬೋರ್ಡಿಗೆ ಒಂದ ಯಾದಿ, ನಾನ ಬರದದ್ದು:
ಒಂದನೇದು ತಯಾರದೀನಿ,
ಎರಡನೇದು ಹೊಂಟೀನಿ,
ಮೂರನೇದು ಮನಿ ಮುಟ್ಟೇನಿ,
ನಾಕನೇದು ತ್ರಾಸೈತಿ.
ಒಂದ ಫೈಲು ಇಡೋದು ಬಿಟ್ಟು
ಬ್ಯಾಸರಕ್ಕ ಎರಡು ಕಡೆ ನಕಲು ಮಾಡಿಟ್ಟೆ.
ಅಲ್ಲೇ ತಪ್ಪಿದ್ದು.

ಮೋಟಾರಿನ ಬೋರ್ಡು ನೋಡಕೊಳ್ಳಾಂವ ರೇವಣಸಿದ್ದ.
ಶನಿವಾರ ಸಂಜಿಮುಂದ
ಎರಡನೇ ಸಾಲಿನ್ಯಾಗ ಒಂದು ಹೊಸ ಮಾತು ತುರುಕಿದ:
ಬಾಗಲಾ ತಗದೈತಿ.
ಛಲೋ ಮಾತು, ಬೇಕಾದ ಮಾತು.
ಕೆಳಗಿನವರೆಲ್ಲ ಒಂದೊಂದು ಪಾವಟಿಗಿ ಇಳದ್ರು,
ಇತ್ಲಾಗಿನ ನಕಲಿಗೆ ಸುದ್ದಿ ಮುಟ್ಟಲಿಲ್ಲ.

ಸೋಮವಾರ ಮುಂಜಾನೆ, ಮೊದಲನೇ ಉಂಡಿ.
ತಟ್ಟಿ 'ಹೊಂಟೀನಿ' ಅಂತು.
ದೀಪ 'ಮನಿ ಮುಟ್ಟೇನಿ' ಅಂತ ಕೇಳಿಸಿಕೊಂಡು
ಹಸರಗೆ ಹತ್ತಿತು.
ನೀಲವ್ವ ದೀಪ ನಂಬಿ ಕೈ ಹಾಕಿದಳು.

ಮಕ್ತುಮಸಾಬ ಮೇನ್ ಜಗ್ಗಿದ.

ಕೈಗೇನೂ ಆಗಲಿಲ್ಲ. ಹಿಟ್ಟಿನ್ಯಾಗ ಹಸರ ಗಾಜಿನ ಚೂರು.
'ಬಳಿ ಹೆಚ್ಚೇತಿ ಬಿಡವಾ,' ಅಂದ್ಲು,
ಒಂದೊಂದ ಚೂರು ಆರಿಸಿ ಸೆರಗಿನ ತುದಿಗೆ ಕಟಗೋತ.

ಹೆಚ್ಚೇತಿ.
ಒಡದದ್ದಕ್ಕ ಹೆಚ್ಚೇತಿ ಅಂತೀವಿ,
ದೀಪ ಆರಸೋದಕ್ಕ ಶಾಂತ ಮಾಡೋದು,
ಡಬ್ಬ್ಯಾಗ ಅಕ್ಕಿ ತೀರಿದರ ತುಂಬೇತಿ,
ಹೋಗೋ ಮುಂದ ಬರ್ತೀನಿ.
ಮಾತು ಒಂದು, ಅರ್ಥ ಅದರ ಬೆನ್ನಿಗೆ,
ಆದರೂ ಇಷ್ಟು ವರ್ಷದಾಗ
ಬರ್ತೀನಿ ಅಂದಾಕಿಗೆ ಯಾರೂ ಬಾಗಲಾ ತಗದು ಕುಂತಿಲ್ಲ.
ಮಕ್ತುಮಸಾಬನ ಮನ್ಯಾಗೂ ಬಳಿ ಹೆಚ್ಚತಾವಂತ,
ಒಡೆಯೂದಿಲ್ಲಂತ. ಕೇಳಿದೆ.
ಈ ಯಾದಿ ಯಾರು ಬರದ್ರೋ,
ಯಾವ ಬ್ಯಾಸರದಾಗೂ ಎರಡು ಮಾಡಲಿಲ್ಲ.

ರಾತ್ರಿತನಕ ಕುಂತು ಫೈಲು ಒಂದ ಮಾಡಿದೆ.
ಹೊಸ ಹೆಸರು ಬಂದರ ತಳಕ್ಕ ಕುಂಡ್ರಬೇಕು,
ನಡುವ ನುಗ್ಗಬಾರದು ಅಂತ ಮ್ಯಾಲ ಬರದೆ.
ಮತ್ತ ಮನಿ ಅನ್ನೋ ಬಿಟ್ಟಿನ ಮುಂದ ಇನ್ನೊಂದು ತಾಕೀತು:
ನೆನಪಿನ ಮ್ಯಾಲ ಹೇಳಬ್ಯಾಡ,
ಕೇಳಿದಾಗೊಮ್ಮೆ ಹೋಗಿ ನೋಡಿ ಬಾ.
ಮಕ್ತುಮಸಾಬಗ ಅದನ್ನ ಓದಿ ತೋರಿಸಿದರ ನಕ್ಕ.
ಇಪ್ಪತ್ತು ವರ್ಷ ಆತು, ಯಾವ ದೀಪ ಏನ ಅನ್ನಲಿ,
ಅಂವ ಬೆರಳಿಲೆ ಸ್ವಿಚ್ಚು ಒತ್ತಿ ನೋಡದ ಕೈ ಹಾಕಿದವನಲ್ಲ.
'ಇದನ್ನ ಬರೀಬೇಕೇನ್ರಿ?' ಅಂದ.

ನೀಲವ್ವ ಸಂಜೀಕನ ಹೇಳಿ ಹೋಗಿದ್ಲು:
'ತಡಾ ಆಗತೈತಿ ನಿಂಗ. ಮನಿ ಮುಟ್ಟಿದ ಮ್ಯಾಲ
ಒಂದು ಮಿಸ್ ಕಾಲ್ ಕೊಡು.
ಒಂದ ರಿಂಗು. ನಾ ಎತ್ತೂದಿಲ್ಲ, ತಿಳಕೋತೀನಿ.'

ಒಂಬತ್ತೂವರಿ ಚಿಗರಿ ಬಸ್ಸು, ಕಿಡಕಿ ಕಡೆ ಸೀಟು.
ನವಲೂರು ದಾಟಿತ್ತೋ ಇಲ್ಲೋ,
ಕಣ್ಣು ಎಳೀತಿದ್ವು. ಮುಟ್ಟಿದ ಮ್ಯಾಲ ಮರತೇನಂತ
ಆಗಲೇ ಕೊಟ್ಟುಬಿಟ್ಟೆ.

ಒಂದ ರಿಂಗು. ಅಕಿ ಎತ್ತಲಿಲ್ಲ.
ಅಲ್ಲಿ ದೀಪ ಶಾಂತ ಮಾಡಿ ಮಲಗಿರತಾಳ.
ನಾ ಇನ್ನೂ ಹೊಂಟಿದ್ದೆ.